ಅವನು ಆರೋಗ್ಯದ ಕಡೆ ಗಮನ ಕೊಡಲಿಲ್ಲವಂತೆ!

ಮುಂಬಯಿಯ ಕನ್ನಡ ಸಂಘಗಳ ಶ್ರದ್ಧಾಂಜಲಿ ಸಭೆಗಳಿಗೆ ಹೋಗಿ ಬಂದವರಿಗೆಲ್ಲ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ. ಸತ್ತವನ ವಯಸ್ಸು ಐವತ್ತರ ಆಸುಪಾಸು, ಹೋದದ್ದು ಹೃದಯಾಘಾತದಿಂದ ಎಂದಾದರೆ ಆ ವಾಕ್ಯ ಬಂದೇ ಬರುತ್ತದೆ. ಮೊದಲಿಗೆ ದುಡಿಮೆಯ ಹೊಗಳಿಕೆ: "ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೆರಡರವರೆಗೆ ಒಂದು ದಿನ ರಜೆ ಇಲ್ಲದೆ ದುಡಿದ ಜೀವ." ಅದರ ಬೆನ್ನಿಗೇ ಒಂದು ನಿಟ್ಟುಸಿರು: "ಆದರೆ ಪಾಪ, ಆರೋಗ್ಯದ ಕಡೆ ಗಮನ ಕೊಡಲಿಲ್ಲ." ಈ ಎರಡು ಮಾತುಗಳ ನಡುವೆ ಏನಾದರೂ ಸಂಬಂಧ ಇರಬಹುದೇ ಎಂಬ ಅನುಮಾನ ಭಾಷಣ ಮಾಡುವವನಿಗೂ ಬರುವುದಿಲ್ಲ, ಕೇಳುತ್ತಾ ಕುಳಿತ ನಮಗೂ ಬರುವುದಿಲ್ಲ. ಎರಡು ನಿಮಿಷ ಮೌನ. ಆಮೇಲೆ ಚಹಾ, ಗೋಳಿಬಜೆ.

ಆ ಎರಡನೆಯ ವಾಕ್ಯದ ಮೇಲೆ ನನಗೆ ಸಿಟ್ಟಿದೆ. ಸಿಟ್ಟಿಗೆ ಕಾರಣವನ್ನು ಹೇಳುತ್ತೇನೆ.

ನಾನೂ ನನ್ನ ಗೆಳೆಯನೂ ಕುಂದಾಪುರದ ಕಡೆಯ ಒಂದೇ ಊರಿನವರು. 1979ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ, ಒಂದೇ ಬಸ್ಸಿನಲ್ಲಿ ಮುಂಬಯಿಗೆ ಬಂದೆವು. ಒಂದೇ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದೆವು. ಹೋಟೆಲಿನ ಅಟ್ಟದಲ್ಲಿ ಒಂದೇ ಚಾಪೆ ಹಂಚಿಕೊಂಡೆವು. ರಾತ್ರಿ ಶಾಲೆಗೂ ಜೊತೆಯಾಗಿಯೇ ಸೇರಿದೆವು. ಎರಡನೇ ವರ್ಷ ಅವನ ತಂದೆ ತೀರಿಕೊಂಡರು. ಮನೆಗೆ ಕಳುಹಿಸುವ ಹಣ ಹೆಚ್ಚಾಗಬೇಕಿತ್ತು, ಅವನು ಶಾಲೆ ಬಿಟ್ಟ. ನಾನು ಓದಿದೆ, ಬ್ಯಾಂಕಿನಲ್ಲಿ ಗುಮಾಸ್ತನಾದೆ. ಅವನು ಕ್ಲೀನರ್ ಹುಡುಗನಿಂದ ವೈಟರ್ ಆದ, ಕೊನೆಗೆ ಮ್ಯಾನೇಜರ್ ಆಗಿ ಗಲ್ಲಾದ ಹಿಂದೆ ಕುಳಿತ. ಊರಿನಲ್ಲಿ ಮನೆ ಕಟ್ಟಿಸಿದ, ಇಬ್ಬರು ತಂಗಿಯರ ಮದುವೆ ಮಾಡಿಸಿದ. ನಮ್ಮಿಬ್ಬರಲ್ಲಿ ಹೆಚ್ಚು ಗೆದ್ದವನು ಅವನೇ ಎಂದು ಊರೆಲ್ಲ ಹೇಳುತ್ತಿತ್ತು.

2009ರಲ್ಲಿ ನಮ್ಮ ಸಂಘದ ಉಚಿತ ಹೃದಯ ತಪಾಸಣಾ ಶಿಬಿರ. ಇಬ್ಬರೂ ಹೋದೆವು. ಇಬ್ಬರಿಗೂ ನಲವತ್ತನಾಲ್ಕು, ಇಬ್ಬರಿಗೂ ರಕ್ತದೊತ್ತಡ ಹೆಚ್ಚು. ನನ್ನದು 150 ದಾಟಿತ್ತು, ಅವನದು 160 ದಾಟಿತ್ತು. ವೈದ್ಯರು ಒಳ್ಳೆಯವರು, ಸಮಾಧಾನದಿಂದ ಮಾತಾಡಿದರು. ಹೊರಡುವಾಗ ಇಬ್ಬರ ಕೈಗೂ ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದೊಂದು ಚೀಟಿ ಕೊಟ್ಟರು. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ. ಏಳು ಗಂಟೆ ನಿದ್ದೆ. ಉಪ್ಪು, ಎಣ್ಣೆ ಕಡಿಮೆ. ತರಕಾರಿ, ಹಣ್ಣು ಹೆಚ್ಚು. ತಂಬಾಕು ಬಿಡಿ. ಮಾನಸಿಕ ಒತ್ತಡ ಬೇಡ. ಮಾತ್ರೆ ತಪ್ಪಿಸಬೇಡಿ.

ಚೀಟಿಯಲ್ಲಿ ಒಂದಕ್ಷರವೂ ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಜಗಳ ವೈದ್ಯಶಾಸ್ತ್ರದ ಜೊತೆ ಅಲ್ಲ. ಆ ಚೀಟಿಯನ್ನು ನಾನು ಪಾಲಿಸಿದೆ, ಇವತ್ತಿಗೂ ಬದುಕಿದ್ದೇನೆ. ಆದರೆ ಪಾಲಿಸಿದ್ದು ನಾನು ದೊಡ್ಡ ಸಂಯಮಿ ಎಂದಲ್ಲ. ಬ್ಯಾಂಕು ಸಂಜೆ ಮುಚ್ಚುತ್ತಿತ್ತು, ಭಾನುವಾರ ಬಾಗಿಲು ತೆರೆಯುತ್ತಿರಲಿಲ್ಲ. ಮಾಟುಂಗದಲ್ಲಿ ಇಳಿದು ಸಾಯನ್‌ವರೆಗೆ ನಡೆದು ಬರುವಷ್ಟು ಹೊತ್ತು ನನ್ನ ಬಳಿ ಇತ್ತು. ಮನೆಯಲ್ಲಿ ನನಗೆಂದೇ ಉಪ್ಪು ಕಡಿಮೆ ಹಾಕಿ ಬೇಯಿಸುವ ಹೆಂಡತಿ ಇದ್ದಳು. ಗೆಳೆಯನ ಹೆಂಡತಿ ಮಕ್ಕಳು ಊರಲ್ಲಿ. ಅವನು ಕೊನೆಯವರೆಗೂ ಹೋಟೆಲಿನ ಅಟ್ಟದಲ್ಲಿ. ಬೆಳಿಗ್ಗೆ ಆರಕ್ಕೆ ಗಲ್ಲಾ, ಮಧ್ಯಾಹ್ನ ಎರಡು ಗಂಟೆ ಅಡ್ಡಾಗುವುದು, ಮತ್ತೆ ರಾತ್ರಿ ಹನ್ನೊಂದೂವರೆಯವರೆಗೆ ಗಲ್ಲಾ, ಲೆಕ್ಕ ಮುಗಿಸಿ ಮಲಗುವಾಗ ಒಂದು. ವಾರದ ರಜೆ ಎಂಬುದಿಲ್ಲ. ವರ್ಷಕ್ಕೊಮ್ಮೆ ಊರಿಗೆ ಒಂದು ತಿಂಗಳು. ವಾರಕ್ಕೆ ತೊಂಬತ್ತು ಗಂಟೆ ದಾಟುತ್ತಿತ್ತು ಅವನ ದುಡಿಮೆ.

ಶಿಬಿರದಿಂದ ಮರಳುವಾಗ ರೈಲಿನಲ್ಲಿ ಅವನು ಚೀಟಿಯನ್ನು ಎರಡು ಸಲ ಓದಿ ನಕ್ಕ. "ಇದನ್ನು ಯಾರಿಗೆ ಬರೆದದ್ದು ಮಾರಾಯ, ನಮ್ಮ ಧಣಿಗಾ?" ಎಂದ.

ನಾನೂ ನಕ್ಕೆ. ಆ ನಗುವಿನ ನೆನಪು ಈಗ ಚುಚ್ಚುತ್ತದೆ.

2016ರ ಒಂದು ಶನಿವಾರ ಮಧ್ಯಾಹ್ನದಿಂದಲೇ ಅವನಿಗೆ ಎದೆ ಹಿಡಿದ ಹಾಗೆ ಆಗುತ್ತಿತ್ತು, ಎಡಗೈ ಸೆಳೆಯುತ್ತಿತ್ತು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದ. ಶನಿವಾರ ಸಂಜೆಯ ಗಿರಾಕಿ. ಗಲ್ಲಾಕ್ಕೆ ಬೇರೆ ಜನ ಇರಲಿಲ್ಲ. ರಾತ್ರಿ ಹತ್ತರವರೆಗೆ ಕುಳಿತೇ ಇದ್ದ. ಟ್ಯಾಕ್ಸಿ ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಐವತ್ತೊಂದು ವರ್ಷ. ಹದಿಮೂರನೇ ದಿನ ಸಂಘದ ಸಭಾಗೃಹದಲ್ಲಿ, ನಾನು ಮೇಲೆ ಹೇಳಿದ ಎರಡು ವಾಕ್ಯಗಳನ್ನು ಒಂದರ ಹಿಂದೊಂದರಂತೆ ಹೇಳಿದರು.

ಗಮನ ಕೊಡಲಿಲ್ಲವಂತೆ! ಗಮನ ಕೊಡುವುದಕ್ಕೆ ಹೊತ್ತು ಬೇಕು. ಅವನ ಹೊತ್ತನ್ನು ಯಾರು ಕೊಂಡುಕೊಂಡಿದ್ದರು ಎಂಬುದನ್ನು ಮಾತ್ರ ಆ ಸಭೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹೃದಯದ ಕಾಯಿಲೆಯ ವಿಚಾರದಲ್ಲಿ "ಎಲ್ಲ ಹಣೆಬರಹ" ಎಂದು ಕೈ ಚೆಲ್ಲುವುದಕ್ಕೆ ಈಗ ನೆಪವೇ ಉಳಿದಿಲ್ಲ. 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ಗಂಡಸರಲ್ಲಿ ಶೇ. 90ರಷ್ಟು, ಹೆಂಗಸರಲ್ಲಿ ಶೇ. 94ರಷ್ಟು ಪಾಲು ಒಂಬತ್ತೇ ಒಂಬತ್ತು ಸಂಗತಿಗಳಿಗೆ ಸೇರಿದ್ದು ಎಂದು ಅದು ತೋರಿಸಿತು. ತಂಬಾಕು, ರಕ್ತದಲ್ಲಿನ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಹಣ್ಣು ತರಕಾರಿಯ ಕೊರತೆ, ಮೈಗೆ ವ್ಯಾಯಾಮವಿಲ್ಲದಿರುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಕೆಲಸದ, ಸಂಸಾರದ, ಹಣದ ಒತ್ತಡವೂ ಅದೇ ಪಟ್ಟಿಯಲ್ಲಿದೆ ಎಂಬುದನ್ನು ನಾವು ಓದುವಾಗ ಹಾರಿಸಿಬಿಡುತ್ತೇವೆ. ಅದೇ ಅಧ್ಯಯನದ ಅಂಕಿಅಂಶಗಳನ್ನು ಇಟ್ಟುಕೊಂಡು 2007ರಲ್ಲಿ ಬಂದ ಇನ್ನೊಂದು ವರದಿ ನಮ್ಮ ಉಪಖಂಡದ ಬಗ್ಗೆ ಮಾತಾಡಿತು: ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು ಬೇರೆ ದೇಶಗಳಲ್ಲಿ 58.8, ದಕ್ಷಿಣ ಏಷ್ಯಾದಲ್ಲಿ 53. ಸುಮಾರು ಆರು ವರ್ಷ ಮೊದಲೇ. ಮಗಳ ಮದುವೆಗೆ, ಮಗನ ಕೊನೆಯ ಪರೀಕ್ಷೆಗೆ, ಊರಿನ ಮನೆಸಾಲದ ಕೊನೆಯ ಕಂತಿಗೆ ಸಾಮಾನ್ಯವಾಗಿ ಬೇಕಾಗುವುದು ಆ ಆರು ವರ್ಷಗಳೇ.

ನಡಿಗೆಯ ಮಾತಿಗೆ ಬರೋಣ. ಮೈ ಅಲುಗಿಸಿದರೆ ಹೃದಯಕ್ಕೆ ಒಳ್ಳೆಯದು ಎಂಬ ತಿಳಿವಳಿಕೆಗೆ ಗಟ್ಟಿಯಾದ ಪುರಾವೆ ಮೊದಲು ಸಿಕ್ಕಿದ ಜಾಗಗಳಲ್ಲಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸೂ ಒಂದು. ಜೆರೆಮಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಅಲ್ಲಿನ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ 1953ರಲ್ಲಿ ತನ್ನ ಅಧ್ಯಯನವನ್ನು ಪ್ರಕಟಿಸಿದ. ಒಂದೇ ಬಸ್ಸು, ಒಂದೇ ಊರು. ಡ್ರೈವರ್ ಇಡೀ ಪಾಳಿ ಕುಳಿತೇ ಇರುತ್ತಾನೆ. ಕಂಡಕ್ಟರ್ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಸ್ಪಷ್ಟವಾಗಿ ಕಡಿಮೆ ಇತ್ತು. ಮನೆ ಮನೆಗೆ ಕಾಗದ ಹಂಚುವ ಅಂಚೆಯವರನ್ನೂ ಕಚೇರಿಯಲ್ಲಿ ಕುಳಿತ ಅಂಚೆ ಗುಮಾಸ್ತರನ್ನೂ ಹೋಲಿಸಿದಾಗಲೂ ಅದೇ ಚಿತ್ರ. ನಮ್ಮ ಬೆಸ್ಟ್‌ನ ಹಳೆಯ ಡಬಲ್ ಡೆಕ್ಕರಿನಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕಂಡಕ್ಟರುಗಳು ಯಾರೂ 'ಜೀವನಶೈಲಿ' ಬದಲಿಸಿಕೊಂಡವರಲ್ಲ. ಅವರ ಹೃದಯವನ್ನು ಕಾದದ್ದು ಅವರ ಕೆಲಸದ ರೀತಿ. ಡ್ರೈವರುಗಳ ಹೃದಯಕ್ಕೆ ಮುಳುವಾದದ್ದೂ ಕೆಲಸದ ರೀತಿಯೇ. ನನ್ನ ಗೆಳೆಯ ವೈಟರ್ ಆಗಿದ್ದಷ್ಟು ಕಾಲ ಕಂಡಕ್ಟರ್ ಆಗಿದ್ದ. ಗಲ್ಲಾಕ್ಕೆ ಬಡ್ತಿ ಸಿಕ್ಕಿದ ದಿನ ಡ್ರೈವರ್ ಆದ. ನಾವು ಅವತ್ತು ಪೇಡೆ ಹಂಚಿದೆವು.

ದುಡಿಮೆಯ ಗಂಟೆಗಳಿಗೂ ಹೃದಯಕ್ಕೂ ಇರುವ ನಂಟನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಸೇರಿಯೇ ಲೆಕ್ಕ ಹಾಕಿವೆ. 2021ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರು ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಜಾಸ್ತಿ. ಅವರು ಹೇಳಿದ್ದು 55 ಗಂಟೆಯ ಮಾತು. ನಮ್ಮ ಹೋಟೆಲುಗಳ ಅಟ್ಟದಲ್ಲಿ ಮಲಗುವವರಿಗೆ ಗುರುವಾರ ಮುಗಿಯುವ ಮೊದಲೇ ಅಷ್ಟು ಗಂಟೆ ತುಂಬಿರುತ್ತದೆ. ಅವರಿಗೆ "ಒತ್ತಡ ಬೇಡ" ಎಂದು ಅಚ್ಚು ಹಾಕಿಸಿ ಹಂಚಿದರೆ ಅದಕ್ಕೆ ಏನೆನ್ನಬೇಕು?

ಊಟದ ಕತೆಯೂ ಹೀಗೆಯೇ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸುಮಾರು ಒಂದು ಟೀ ಚಮಚ, ಅಡುಗೆಗೆ ಹಾಕಿದ್ದೂ ಸೇರಿ. ಗಿರಾಕಿಗೆಂದು ಮಾಡಿದ ಸಾಂಬಾರು, ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಊರಿಂದ ಬಂದ ಒಣಮೀನು ಇವುಗಳ ನಡುವೆ ಬದುಕುವ ಕೆಲಸಗಾರ ಆ ಚಮಚವನ್ನು ಅಳೆಯುವುದೆಲ್ಲಿ? ಊಟ ಸಿಗುವುದು ಮಧ್ಯಾಹ್ನ ಮೂರೂವರೆಗೆ, ರಾತ್ರಿ ಹನ್ನೆರಡಕ್ಕೆ. ಸಿಗುವುದು ಅನ್ನ, ಉಳಿದ ಸಾಂಬಾರು, ಮಾರಾಟವಾಗದ ವಡೆ. ದಿನವಿಡೀ ತರಕಾರಿ ಹೆಚ್ಚುವವನ ತಟ್ಟೆಯಲ್ಲಿ ತರಕಾರಿ ಇರುವುದಿಲ್ಲ. ಎಣ್ಣೆ, ವನಸ್ಪತಿಗಳಲ್ಲಿನ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದು ಎಂದು 2022ರಿಂದ ನಮ್ಮ ದೇಶದಲ್ಲಿ ನಿಯಮ ಜಾರಿಯಲ್ಲಿದೆ. ಗಿರಾಕಿಯ ಹೃದಯಕ್ಕೆ ಕಾನೂನು ಇದೆ, ಒಳ್ಳೆಯದು. ಅದೇ ಬಾಣಲೆಯ ಮುಂದೆ ನಿಂತವನಿಗೆ ಊಟದ ಹೊತ್ತು ಗೊತ್ತುಮಾಡುವವರು ಯಾರು?

ತಂಬಾಕಿನ ವಿಷಯದಲ್ಲಿ ನಾನು ಯಾರನ್ನೂ ಸಮರ್ಥಿಸುವುದಿಲ್ಲ. ನಾನೇ ಹದಿನೆಂಟು ವರ್ಷ ಸಿಗರೇಟು ಸೇದಿದವನು. ಬಿಟ್ಟ ಒಂದು ವರ್ಷದಲ್ಲಿ ಹೃದಯದ ಕಾಯಿಲೆಯ ಅಪಾಯ ಸೇದುವವನ ಅರ್ಧದಷ್ಟಕ್ಕೆ ಇಳಿಯುತ್ತದೆ ಎಂದು ವೈದ್ಯರು ಹೇಳಿದ ಮೇಲೆ ಬಿಟ್ಟೆ. ಆದರೆ ಹೋಟೆಲಿನ ಹುಡುಗರು ಬಾಯಿಗೆ ತಂಬಾಕು ಇಟ್ಟುಕೊಳ್ಳುವುದು ಮೋಜಿಗಲ್ಲ. ಮಧ್ಯಾಹ್ನದ ನಿದ್ದೆಯನ್ನು ಓಡಿಸಲು, ಹಸಿವನ್ನು ಒಂದು ಗಂಟೆ ಮುಂದೂಡಲು. ತಂಬಾಕು ಬಿಡಿಸಬೇಕು, ನಿಜ. ನಿದ್ದೆ ಕೊಡದೆ ಬಿಡಿಸುವುದು ಹೇಗೆ?

ನನ್ನ ಮಾತಿಗೆ ಬರುವ ಉತ್ತರಗಳೂ ನನಗೆ ಗೊತ್ತಿವೆ.

ಮೊದಲನೆಯದು: "ನನ್ನ ಅಜ್ಜ ಬೀಡಿ ಸೇದಿಯೇ ತೊಂಬತ್ತು ಬದುಕಿದರು, ಆ ಕಡೆ ದಿನಾ ವ್ಯಾಯಾಮ ಮಾಡುತ್ತಿದ್ದ ಪುನೀತ್ ರಾಜ್‌ಕುಮಾರ್ ನಲವತ್ತಾರಕ್ಕೇ ಹೋದರು." 2021ರ ಅಕ್ಟೋಬರ್ 29ರ ಆ ಸುದ್ದಿ ನಮ್ಮೆಲ್ಲರನ್ನೂ ಅಲುಗಾಡಿಸಿತು. ಕರ್ನಾಟಕದ ಆಸ್ಪತ್ರೆಗಳ ಮುಂದೆ ಹೃದಯ ಪರೀಕ್ಷೆಗೆ ಜನ ಸಾಲುಗಟ್ಟಿದರು. ಆ ಭಯ ಕೆಲವೇ ವಾರಗಳಲ್ಲಿ ತಣ್ಣಗಾಯಿತು; ಉಳಿದದ್ದು "ವ್ಯಾಯಾಮ ಮಾಡಿ ಏನು ಪ್ರಯೋಜನ" ಎಂಬ ಸೋಮಾರಿ ವೇದಾಂತ. ಕೊಡೆ ಹಿಡಿದವನೂ ಒಂದೊಂದು ದಿನ ನೆನೆಯುತ್ತಾನೆ. ಹಾಗೆಂದು ಜುಲೈ ತಿಂಗಳ ಮುಂಬಯಿಯಲ್ಲಿ ಯಾರೂ ಕೊಡೆಯನ್ನು ಮನೆಯಲ್ಲಿಟ್ಟು ಹೊರಡುವುದಿಲ್ಲ.

ಎರಡನೆಯದು: "ಹಾಗಾದರೆ ಮನುಷ್ಯನಿಗೆ ಸ್ವಂತ ಜವಾಬ್ದಾರಿಯೇ ಇಲ್ಲವೇ?" ಇದೆ. ಅದರಲ್ಲೂ ಈ ಪತ್ರಿಕೆ ಓದುವ ನಿಮಗೂ ಬರೆಯುವ ನನಗೂ ಖಂಡಿತ ಇದೆ. ಪುಣೆಯ ಹಿಂಜವಡಿಯಲ್ಲಿ, ಹೈದರಾಬಾದಿನಲ್ಲಿ, ಚೆನ್ನೈಯಲ್ಲಿ ಕಂಪ್ಯೂಟರ್ ಮುಂದೆ ಹನ್ನೊಂದು ಗಂಟೆ ಕೂರುವ ನಮ್ಮ ಮಕ್ಕಳಿಗೂ ಇದೆ. ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡು ಎರಡನೇ ಮಹಡಿಗೆ ಲಿಫ್ಟಿನಲ್ಲಿ ಹೋಗುವವರಿಗೆ ನಾನು ಯಾವ ನೆಪವನ್ನೂ ಒದಗಿಸುವುದಿಲ್ಲ. ವಾರಕ್ಕೆ ನೂರೈವತ್ತು ನಿಮಿಷ ನಡೆಯಲು ನಮಗೆ ಅಡ್ಡಿ ಇರುವುದು ಹೆಚ್ಚಾಗಿ ಫೋನು. ಆದರೆ ಜವಾಬ್ದಾರಿ ಎನ್ನುವುದು ಆಯ್ಕೆ ಇದ್ದವನಿಗೆ ಮಾತ್ರ ಹೊರಿಸಬಹುದಾದ ಹೊರೆ. ಹೊತ್ತು ಎಷ್ಟು ಸಿಗಬೇಕು ಎಂದು ಬೇರೆಯವರು ತೀರ್ಮಾನಿಸುವಾಗ, ಆ ಹೊರೆಯ ಅರ್ಧ ಅವರ ತಲೆಯ ಮೇಲೂ ಇರಬೇಕು.

ಮೂರನೆಯದು: "ಹೋಟೆಲ್ ನಡೆಸುವುದು ನಿಮಗೇನು ಗೊತ್ತು? ಬಾಡಿಗೆ, ಗ್ಯಾಸು, ಜನರೇ ಸಿಗುವುದಿಲ್ಲ." ಒಪ್ಪುತ್ತೇನೆ. ಧಣಿಗಳಲ್ಲೂ ಗಲ್ಲಾದ ಹಿಂದೆಯೇ ಕುಸಿದು ಬಿದ್ದವರಿದ್ದಾರೆ. ಹೃದಯ ಮಾಲೀಕನದೋ ಆಳಿನದೋ ಎಂದು ನೋಡುವುದಿಲ್ಲ. ಆದರೆ 2017ರ ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಲ್ಲಿ ವಾರಕ್ಕೆ 48 ಗಂಟೆಯ ಮಿತಿ ಇದೆ, ಏಳೂ ದಿನ ಅಂಗಡಿ ತೆರೆದಿಟ್ಟರೂ ಕೆಲಸಗಾರನಿಗೆ ವಾರಕ್ಕೊಂದು ಪೂರ್ತಿ ದಿನ ರಜೆ ಕೊಡಬೇಕೆಂದಿದೆ. ನಾನು ಕೇಳುತ್ತಿರುವುದು ಕ್ರಾಂತಿಯಲ್ಲ, ಕಾನೂನು. ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುವ ನಮ್ಮ ದಾನಿಗಳು ತಪಾಸಣಾ ಶಿಬಿರಕ್ಕೆ ಕೊಡುವ ದೇಣಿಗೆ ದೊಡ್ಡದು. ಆದರೆ ತಮ್ಮ ಹೋಟೆಲಿನ ಹುಡುಗನಿಗೆ ವಾರಕ್ಕೊಂದು ರಜೆ ಕೊಟ್ಟರೆ ಅದು ಆ ದೇಣಿಗೆಗಿಂತ ದೊಡ್ಡದು.

ಆ ಶಿಬಿರಗಳ ಬಗ್ಗೆಯೂ ಒಂದು ಮಾತು. ವರ್ಷಕ್ಕೊಂದು ದಿನ ರಕ್ತದೊತ್ತಡ ನೋಡಿ, ಫೋಟೋ ತೆಗೆದು, ಪತ್ರಿಕೆಗೆ ವರದಿ ಕಳುಹಿಸಿದರೆ ಹೃದಯ ಉಳಿಯುವುದಿಲ್ಲ. ಹೆಚ್ಚಿನ ರಕ್ತದೊತ್ತಡ ಬಹುತೇಕ ಯಾವ ಲಕ್ಷಣವನ್ನೂ ತೋರಿಸದೆ ವರ್ಷಗಟ್ಟಲೆ ರಕ್ತನಾಳಗಳನ್ನು ಹಾಳುಮಾಡುತ್ತದೆ. ತಲೆನೋವಿಲ್ಲ, ಸುಸ್ತಿಲ್ಲ ಎಂದು ಜನ ಮಾತ್ರೆ ನಿಲ್ಲಿಸುತ್ತಾರೆ. ಗೆಳೆಯ ಮೂರು ತಿಂಗಳು ಮಾತ್ರೆ ನುಂಗಿ ಬಿಟ್ಟಿದ್ದ. ಸರಕಾರಿ ಆಸ್ಪತ್ರೆಯ ಸರದಿಯಲ್ಲಿ ನಿಲ್ಲಲು ಅರ್ಧ ದಿನ ಬೇಕು. ಅರ್ಧ ದಿನ ಎಂದರೆ ಧಣಿಯ ಮುಖ ನೋಡಬೇಕು. ಶಿಬಿರದಲ್ಲಿ ಅವನ ಹೆಸರು, 160 ಎಂಬ ಅಂಕಿ ಎರಡನ್ನೂ ಬರೆದುಕೊಂಡ ನಮ್ಮ ಸಂಘ ಆರು ತಿಂಗಳ ಮೇಲೆ ಒಂದು ಫೋನು ಮಾಡಿ "ಈಗ ಎಷ್ಟಿದೆ?" ಎಂದು ಕೇಳಲಿಲ್ಲ. ವಂತಿಗೆ ಬಾಕಿ ಇದ್ದರೆ ಮಾತ್ರ ನಾವು ಫೋನು ಮಾಡುತ್ತೇವೆ.

ಇನ್ನು ಶಿಬಿರದ ದಿನ ಹೆಂಗಸರೆಲ್ಲಿದ್ದರು? ಒಳಗೆ, ಶಿಬಿರಕ್ಕೆ ಬಂದವರಿಗೆ ಉಪ್ಪಿಟ್ಟು ಮಾಡುತ್ತಿದ್ದರು. ಡೊಂಬಿವಿಲಿ, ನಾಲಾಸೋಪಾರಾಗಳಲ್ಲಿ ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟಿ, ಲೋಕಲಿನಲ್ಲಿ ನೇತಾಡಿ, ಮರಳಿ ಬಂದು ಎಲ್ಲರೂ ಉಂಡ ಮೇಲೆ ಉಣ್ಣುವ ನಮ್ಮ ಅಕ್ಕತಂಗಿಯರ ಏದುಸಿರನ್ನು "ವಯಸ್ಸಾಯಿತಲ್ಲ" ಎಂದು ಮನೆಯವರು ಮುಗಿಸಿಬಿಡುತ್ತಾರೆ. ಹೃದಯಾಘಾತ ಗಂಡಸರ ಕಾಯಿಲೆ ಎಂಬ ನಂಬಿಕೆ ಎಷ್ಟು ಹೆಂಗಸರನ್ನು ಆಸ್ಪತ್ರೆಗೆ ತಡವಾಗಿ ಮುಟ್ಟಿಸುತ್ತದೋ!

ಇದೆಲ್ಲ ಸಂಘಗಳ ಕೆಲಸವೇ ಎಂದು ಕೇಳುವವರಿಗೆ ನಮ್ಮದೇ ಚರಿತ್ರೆಯನ್ನು ನೆನಪಿಸುತ್ತೇನೆ. ಕಳೆದ ಶತಮಾನದಲ್ಲಿ ಕಪ್ಪು ಬಸಿ ತೊಳೆಯುವ ಹುಡುಗರಿಗೆ ಈ ಊರಿನಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ಕಟ್ಟಿದವರು ನಾವೇ. ಅವತ್ತಿನ ಹಿರಿಯರು "ಹುಡುಗರು ಓದಿನ ಕಡೆ ಗಮನ ಕೊಡುವುದಿಲ್ಲ" ಎಂದು ನಿಟ್ಟುಸಿರು ಬಿಟ್ಟು ಕೂರಲಿಲ್ಲ. ಹಗಲು ದುಡಿಯುವವನಿಗೆ ಹಗಲಿನ ಶಾಲೆ ಆಗದು ಎಂದು ತಿಳಿದು, ಶಾಲೆಯ ಹೊತ್ತನ್ನೇ ಬದಲಿಸಿದರು. ಹುಡುಗರನ್ನು ಸಂಜೆ ಬಿಟ್ಟುಕೊಟ್ಟ ಧಣಿಗಳೂ ಇದ್ದರು. ನಾನು ಇವತ್ತು ಈ ಲೇಖನ ಬರೆಯುತ್ತಿರುವುದು ಅವರ ಋಣದಿಂದ. ಅಕ್ಷರಕ್ಕೆ ಮಾಡಿದ್ದನ್ನು ಹೃದಯಕ್ಕೆ ಮಾಡಲಾರೆವೇ?

ನಾನು ಕೇಳುವುದು ನಾಲ್ಕೇ ಸಂಗತಿ. ಒಂದು, ಪ್ರತಿ ಸಂಘದ ಕಚೇರಿಯಲ್ಲಿ ರಕ್ತದೊತ್ತಡ ಅಳೆಯುವ ಒಂದು ಯಂತ್ರ, ಒಂದು ರಿಜಿಸ್ಟರು. ಹೋಟೆಲಿನವರಿಗೆ ಬಿಡುವಿರುವ ಮಧ್ಯಾಹ್ನ ಮೂರರಿಂದ ಐದರವರೆಗೆ ಬಾಗಿಲು ತೆರೆದಿರಲಿ. 140/90 ದಾಟಿದವರನ್ನು ವೈದ್ಯರ ಬಳಿ ಕಳುಹಿಸಿ, ತಿಂಗಳಿಗೊಮ್ಮೆ ಫೋನು ಮಾಡಲು ಒಬ್ಬ ಸ್ವಯಂಸೇವಕ. ಎರಡು, ಸಂಘದ ಪದಾಧಿಕಾರಿಯಾಗುವ ಪ್ರತಿಯೊಬ್ಬ ಮಾಲೀಕನೂ ತನ್ನ ಕೆಲಸಗಾರರಿಗೆ ವಾರದ ರಜೆ, ಏಳು ಗಂಟೆ ನಿದ್ದೆಗೆ ಹೊತ್ತು, ತಟ್ಟೆಯಲ್ಲಿ ಒಂದು ತರಕಾರಿ ಪಲ್ಯ ಕೊಡುತ್ತೇನೆಂದು ಮಹಾಸಭೆಯಲ್ಲಿ ಹೇಳಲಿ. ಮೂರು, ಎದೆ ಹಿಡಿದರೆ, ಬೆವರು ಕಿತ್ತುಬಂದರೆ, ಕೈ ಅಥವಾ ದವಡೆ ಸೆಳೆದರೆ ಸೋಡಾ ಕುಡಿದು ಕೂರದೆ ಕೂಡಲೇ ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು, ಗಲ್ಲಾ ಯಾರು ನೋಡುತ್ತಾರೆ ಎಂಬುದು ಆಮೇಲಿನ ಮಾತು ಎಂದು ಪ್ರತಿ ಹೋಟೆಲಿನ ಭಟ್ಟಿಯ ಪಕ್ಕ ಕನ್ನಡದಲ್ಲಿ ಬರೆದು ಅಂಟಿಸಲಿ. ನಾಲ್ಕು, ಮುಂದಿನ ಶಿಬಿರದಲ್ಲಿ ಮೊದಲ ಸರದಿ ಹೆಂಗಸರದ್ದು. ಉಪ್ಪಿಟ್ಟನ್ನು ಗಂಡಸರು ಮಾಡಲಿ.

ಇವುಗಳಲ್ಲಿ ಒಂದಕ್ಕೂ ಕೋಟಿ ರೂಪಾಯಿ ಬೇಡ. ಭವನಕ್ಕೆ ಅಮೃತಶಿಲೆ ಹಾಸಿದ ನಮಗೆ ಇದು ಭಾರವಲ್ಲ.

ಬರುವ ಭಾನುವಾರ ನಮ್ಮ ಸಂಘದ ಮಹಾಸಭೆ. ಈ ನಾಲ್ಕನ್ನೂ ಠರಾವಾಗಿ ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. "ಇತರ ವಿಷಯಗಳು" ಎಂಬ ಕೊನೆಯ ಕಲಮಿಗೆ ತಳ್ಳುತ್ತಾರೆ, ಅಷ್ಟು ಹೊತ್ತಿಗೆ ಊಟದ ಸಾಲು ಶುರುವಾಗಿರುತ್ತದೆ, ಗೊತ್ತಿದೆ. ಆದರೂ ಎದ್ದು ನಿಂತು ಓದುತ್ತೇನೆ. 2009ರ ಆ ಚೀಟಿ ನನ್ನ ಬಳಿ ಇನ್ನೂ ಇದೆ, ಅದನ್ನೂ ಓದುತ್ತೇನೆ. ಆ ದಿನದ ಸಾಂಬಾರಿಗೆ ಉಪ್ಪು ಸ್ವಲ್ಪ ಕಡಿಮೆ ಹಾಕಿ ಎಂದು ಅಡುಗೆಯವರಿಗೆ ಈಗಲೇ ಹೇಳಿ ಬಂದಿದ್ದೇನೆ. ಅಡುಗೆ ಮುಗಿಸಿದ ಮೇಲೆ ಅವರೂ ಒಳಗೆ ಬಂದು ರಕ್ತದೊತ್ತಡ ನೋಡಿಸಿಕೊಳ್ಳಬೇಕು ಎಂದೂ ಹೇಳಿದ್ದೇನೆ.